ಗವಿಯ ದೋಣಿ, ಪಟ್ಟಣದ ದೋಣಿ

ನನ್ನ ಹೆಂಡತಿ ಗುರುಸಿದ್ದವ್ವ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕಾರ್ತಿಕದ ಎರಡನೆಯ ಸೋಮವಾರ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ. ಅಂದು ದೋಣಿಗಳು ಮರಳುವ ದಿನ. ಆಕೆ ಬಂದು ಕಾಲು ತೊಳೆದುಕೊಂಡು ಒಳಗೆ ಬರಲೆಂದು ಹೊಸ್ತಿಲ ಬಳಿ ತಂಬಿಗೆ ನೀರಿಟ್ಟು, ನಾನು ಅಂಗಳದಲ್ಲಿ ಕುಳಿತು ವಿಭೂತಿಗೆ ಬೂದಿ ಸೋಸುತ್ತಿದ್ದೆ. ಬಂದವಳು ಖಾನಾವಳಿಯ ಕಾಶವ್ವ. ಅವಳ ಕೈಯಲ್ಲಿ ನನ್ನ ಹೆಂಡತಿಯ ಚೀಲವಿತ್ತು.

"ಅಯ್ನಾರ, ಸ್ವಲ್ಪ ಕೈ ತೊಳಕೊಂಡು ಬರ್ರಿ," ಎಂದಳು.

"ಗುರುಸಿದ್ದವ್ವ ಎಲ್ಲಿ?"

"ಲಿಂಗದೊಳಗಾಗ್ಯಾಳ್ರಿ. ಐದನೇ ದಿನ. ನೋಡೂದು ನೋಡಿ, ಬುತ್ತಿ ಬಿಚ್ಚಿ ಕುಂತಿದ್ದಿವಿ. ಉಸಿರಾಟದ ತ್ರಾಸ ಸುರು ಆತು. ಒಂದು ತಾಸಿನಾಗ ಎಲ್ಲಾ ಮುಗೀತು. ಹನ್ನೊಂದು ಮಂದಿ ಕೂಡಿ ಮಣ್ಣು ಕೊಟ್ಟೇವ್ರಿ. ಕೂಡಿಸಿ, ಕೈಯಾಗ ಲಿಂಗ ಇಟ್ಟು, ಪತ್ರಿ ಹಾಕಿ, ಯಾವುದೂ ಕಮ್ಮಿ ಮಾಡಿಲ್ಲ."

"ಎಲ್ಲಿ ಮಣ್ಣು ಕೊಟ್ಟಿರಿ?"

ಕಾಶವ್ವ ಚೀಲವನ್ನು ಕಟ್ಟೆಯ ಮೇಲಿಟ್ಟಳು. "ಅದೊಂದು ಕೇಳಬ್ಯಾಡ್ರಿ," ಎಂದು ತಲೆ ತಗ್ಗಿಸಿ ಹೊರಟುಹೋದಳು. ಆ ತಲೆ ತಗ್ಗಿಸಿದ ರೀತಿ ಅಂದೇ ನನಗೆ ಸರಿ ಕಾಣಲಿಲ್ಲ.

ನಮ್ಮ ಊರಿನ ಹೊಳೆ ಒಬ್ಬ ಮನುಷ್ಯನನ್ನು ಜೀವಮಾನದಲ್ಲಿ ಒಂದೇ ಸಲ ಮೇಲಕ್ಕೆ ಒಯ್ಯುತ್ತದೆ. ದೋಣಿಗೆ ಹಾಯಿಯಿಲ್ಲ, ಹುಟ್ಟುಗೋಲಿಲ್ಲ, ನಡೆಸುವವನಿಲ್ಲ. ಒಂದರಲ್ಲಿ ಹೆಚ್ಚೆಂದರೆ ಹನ್ನೆರಡು ಜನ; ಎಲ್ಲರೂ ಕುಳಿತ ಮೇಲೆ ದೋಣಿಘಟ್ಟದ ಗುಮಾಸ್ತ ಫಕೀರಪ್ಪ ಹಗ್ಗ ಬಿಚ್ಚುತ್ತಾನೆ. ದೋಣಿ ತಾನಾಗಿ ಪ್ರವಾಹಕ್ಕೆ ಎದುರಾಗಿ ಹೋಗುತ್ತದೆ. ಒಮ್ಮೆ ಹೋಗಿಬಂದವರು ಮತ್ತೆ ಹತ್ತಿದರೆ ಕಲ್ಲಿನಂತೆ ನಿಲ್ಲುತ್ತದೆ, ಅವರು ಇಳಿಯುವವರೆಗೆ ಅಲುಗುವುದಿಲ್ಲ. ಹೆಣವನ್ನೂ ಅದು ಹೊರುವುದಿಲ್ಲ. ಕಾರ್ತಿಕದಲ್ಲಿ ಒಮ್ಮೆ, ಮಾಘದಲ್ಲಿ ಒಮ್ಮೆ ಎರಡು ದೋಣಿಗಳು ಹೊರಡುತ್ತವೆ. ಹೊಳೆ ಕವಲಾಗುವಲ್ಲಿ ಒಂದು ಎಡಕ್ಕೆ ತಿರುಗಿ ಪುರಾತನ ಗವಿಗಳಿಗೆ ಹೋಗುತ್ತದೆ, ಇನ್ನೊಂದು ಬಲಕ್ಕೆ ತಿರುಗಿ ಹಳೆಯ ಪಟ್ಟಣಕ್ಕೆ. ನಾಲ್ಕು ದಿನ ಮೇಲಕ್ಕೆ, ಒಂದು ದಿನ ಅಲ್ಲಿ, ನಾಲ್ಕು ದಿನ ಕೆಳಕ್ಕೆ. ದುಡಿಯುವ ಜನರಿಗೆ ಜೀವಮಾನದಲ್ಲಿ ಸಿಕ್ಕುವ ದೊಡ್ಡ ರಜೆ ಅದೇ. ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಮದುವೆಗೆ ಹೋಗುವವರಂತೆ ಹೋಗುತ್ತಾರೆ.

ಎರಡರಲ್ಲಿ ಒಂದನ್ನೇ ನೋಡಬಹುದಾದ್ದರಿಂದ ನಮ್ಮಲ್ಲಿ ಗಂಡಹೆಂಡಿರು ಒಂದೇ ದೋಣಿ ಹತ್ತುವುದಿಲ್ಲ. ಒಬ್ಬರು ಗವಿ ನೋಡಿದರೆ ಮತ್ತೊಬ್ಬರು ಪಟ್ಟಣ ನೋಡುತ್ತಾರೆ. ಬಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ; ಹಾಗೆ ಒಂದು ಮನೆಗೆ ಎರಡೂ ಬಂದಂತಾಗುತ್ತದೆ. ಆದರೆ ಕಂಡದ್ದನ್ನು ತಮ್ಮ ಹೊಸ್ತಿಲ ಒಳಗೆ ಮಾತ್ರ ಹೇಳಬೇಕು. ಯಾವ ದೋಣಿಯಲ್ಲಿ ಹೋದೆ, ಎಲ್ಲಿ ಇಳಿದೆ, ಏನು ಕಂಡೆ ಎಂಬುದನ್ನು ಹೊರಗೆ ಆಡಿದವರ ಮನೆಯ ನೀರನ್ನು ಊರಿನವರು ಒಂದು ವರ್ಷ ಮುಟ್ಟುವುದಿಲ್ಲ. ಹೋಗುವ ಮುನ್ನ ಎಷ್ಟು ಬೇಕಾದರೂ ಮಾತಾಡಬಹುದು, ಬಂದ ಮೇಲೆ ಬಾಯಿ ಮುಚ್ಚಬೇಕು.

ನಮ್ಮ ಮನೆಯಲ್ಲಿ ಮೂವತ್ತು ವರ್ಷದ ಹಿಂದೆಯೇ ಮಾತಾಗಿತ್ತು. ಗವಿ ಆಕೆಗೆ, ಪಟ್ಟಣ ನನಗೆ. ಪಟ್ಟಣದಲ್ಲಿ ಒಂದು ದೊಡ್ಡ ಲಿಂಗವಿದೆಯೆಂದು ನನ್ನ ತಂದೆ ಕಂಡುಬಂದು ಹೇಳಿದ್ದರು. ನನ್ನ ಕೈಯಿಂದ ಮಾಡಿದ ವಿಭೂತಿಯನ್ನು ಒಮ್ಮೆ ಆ ಲಿಂಗಕ್ಕೆ ಧರಿಸಬೇಕೆಂಬುದು ನನ್ನ ಆಸೆ. ನಮಗೆ ಮಕ್ಕಳಿಲ್ಲ. ಬೇರೆ ಆಸೆಯೆಂದು ನಾನು ಇಟ್ಟುಕೊಂಡದ್ದೂ ಇಲ್ಲ. "ಮೊದಲ ನಾ ಹೋಗಿಬರ್ತೀನಿ, ನೀವು ಮಾಘಕ್ಕ ಹೋಗ್ರಿ," ಎಂದು ಈ ಕಾರ್ತಿಕದಲ್ಲಿ ಗುರುಸಿದ್ದವ್ವ ಹೊರಟಳು. ಮನೆಯವರು ಘಟ್ಟದವರೆಗೆ ಹೋಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊಸ್ತಿಲಲ್ಲಿ ನಿಂತು ಒಂದು ಗಂಟು ವಿಭೂತಿ ಕೊಟ್ಟು ಕಳಿಸಿದೆ.

ಕಾಶವ್ವ ಹೋದ ಮೇಲೆ ಚೀಲ ಬಿಚ್ಚಿದೆ. ಖಾಲಿ ಬುತ್ತಿಯ ಬಟ್ಟೆ, ಬಾಚಣಿಗೆ, ಹಸಿರು ಸೀರೆ. ಸೀರೆಯ ಸೆರಗಿನ ತುದಿಯಿಂದ ಅಂಚಿನವರೆಗೆ ಬಿಳಿಯ ಕಲೆ ಒಣಗಿ ಗಟ್ಟಿಯಾಗಿತ್ತು.

ಇಲ್ಲಿ ನನ್ನ ಮನೆಯ ಒಳಗಿನ ಒಂದು ಮಾತನ್ನು ಬರೆಯಬೇಕಾಗಿದೆ. ಗವಿಗಳ ಮಣ್ಣು ಕುಂಕುಮದಂತೆ ಕೆಂಪೆಂದು ನನ್ನ ತಾಯಿ ಹೇಳಿದ್ದಳು. ಪಟ್ಟಣದ ನೆಲ ಬಿಳಿ, ಕಾಲಿಟ್ಟರೆ ವಿಭೂತಿಯ ಮೇಲೆ ನಡೆದಂತೆ ಎಂದು ತಂದೆ ಹೇಳಿದ್ದರು. ಆ ಕಲೆ ನೋಡಿದ ಕೂಡಲೇ ಇದು ಪಟ್ಟಣದ ಮಣ್ಣೆಂದುಕೊಂಡೆ. ಕಾಶವ್ವ ಪಟ್ಟಣಕ್ಕೆ ಹೋಗುವವಳು ಎಂಬುದು ಊರಿಗೇ ಗೊತ್ತಿತ್ತು. "ಈ ಹೊಗಿ ಸಾಕಾಗೇತಿ, ಒಂದು ದಿನ ಪಟ್ಟಣದ ಅರಮನಿಯಾಗ ಕಾಲು ಚಾಚಿ ಕೂತು ಬರಾಕಿ ನಾ," ಎಂದು ಇಪ್ಪತ್ತು ವರ್ಷ ಊಟಕ್ಕೆ ಬಂದವರಿಗೆಲ್ಲ ಹೇಳಿದವಳು ಅವಳು. ಗುರುಸಿದ್ದವ್ವನ ಚೀಲ ತಂದವಳೂ ಅವಳೇ. ಹಾಗಾದರೆ ಇಬ್ಬರೂ ಒಂದೇ ದೋಣಿಯಲ್ಲಿದ್ದರು. ಕಾಶವ್ವ ನನ್ನ ಹೆಂಡತಿಯನ್ನು ಮಾತಿಗೆ ಮರುಳು ಮಾಡಿ ಪಟ್ಟಣಕ್ಕೆ ಕರೆದೊಯ್ದಿದ್ದಾಳೆ. ಅಲ್ಲಿಯ ಅರಮನೆಯ ಮೆಟ್ಟಿಲು ಹತ್ತಿಸಿ ಕೊಂದಿದ್ದಾಳೆ. ಈಗ ಪದ್ಧತಿಯ ಹಿಂದೆ ಅಡಗಿದ್ದಾಳೆ. ಹೀಗೆ ನಾನು ಲೆಕ್ಕ ಹಾಕಿದೆ. ಸೀರೆಯನ್ನು ಮುಟ್ಟಿದರೆ ಸಾಕ್ಷಿ ಕೆಡುತ್ತದೆಂದು ಕಲೆಗೆ ಬೆರಳೂ ತಾಗಿಸದೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಹನ್ನೊಂದನೆಯ ದಿನದ ಗಣಾರಾಧನೆ ಮುಗಿದ ಮರುದಿನ ಖಾನಾವಳಿಗೆ ಹೋದೆ. ಮಧ್ಯಾಹ್ನದ ಹೊತ್ತು, ಪಂಕ್ತಿ ತುಂಬಿತ್ತು. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು.

"ಕಾಶವ್ವಾ, ಒಂದೇ ಮಾತು ಹೇಳು. ಗವಿಯೋ ಪಟ್ಟಣವೋ?"

"ಕುಂದರ್ರಿ ಅಯ್ನಾರ. ಬಿಸಿ ರೊಟ್ಟಿ ಹಾಕ್ತೀನಿ."

"ರೊಟ್ಟಿ ಉಣ್ಣಾಕ ಬಂದಿಲ್ಲ. ನಾನೂ ಒಂದೇ ಸಲ ಹೋಗಾವ. ಆಕಿ ಸಮಾಧಿಗೆ ಪತ್ರಿ ಏರಿಸಬೇಕು. ತಪ್ಪು ದೋಣಿ ಹತ್ತಿದರ ಈ ಜನ್ಮದಾಗ ಮತ್ತ ಆಗೂದಿಲ್ಲ. ಅಷ್ಟೂ ತಿಳಿಯೂದಿಲ್ಲೇನು ನಿನಗ?"

ಅವಳ ಕೈ ನಿಂತಿತು. ಉಣ್ಣುತ್ತಿದ್ದವರೆಲ್ಲ ಅವಳ ಮುಖ ನೋಡಿದರು. ಅವರಲ್ಲೊಬ್ಬ, "ಹೇಳಿ ಬಿಡು ಕಾಶಕ್ಕಾ, ನಾಳಿಂದ ನಾವು ಮನ್ಯಾಗ ಉಣ್ತೀವಿ," ಎಂದು ನಕ್ಕ. ಅವಳು ನಗಲಿಲ್ಲ.

"ಆಕಿ ಎಲ್ಲಿಗೆ ಹೋಗ್ತೀನಿ ಅಂತ ನಿಮಗ ಹೇಳಿ ಹೋಗಿದ್ಳು?" ಎಂದು ಕೇಳಿದಳು.

"ಗವಿಗೆ."

"ಮತ್ತ ನನ್ನ ಯಾಕ ಕೇಳ್ತೀರಿ? ಮೂವತ್ತು ವರ್ಷ ಬಾಳೇವು ಮಾಡಿದಾಕಿ ಮಾತು ಸಾಲೂದಿಲ್ಲೇನ್ರಿ?"

ಇದನ್ನು ನಾನು ಉತ್ತರವೆಂದು ತಿಳಿಯಲಿಲ್ಲ, ಚಾಣಾಕ್ಷತನವೆಂದು ತಿಳಿದೆ. ತಪ್ಪು ಮಾಡದವಳು ಇಷ್ಟು ಹುಷಾರಾಗಿ ಏಕೆ ಮಾತಾಡಬೇಕು? ಅಲ್ಲಿಯೇ ಎಲ್ಲರ ಮುಂದೆ, "ನನ್ನ ಹೆಂಡತಿ ಸಾವು ನಿನ್ನ ತಲಿ ಮ್ಯಾಲ ಐತಿ," ಎಂದುಬಿಟ್ಟೆ. ಮನೆ ಮನೆಗೆ ವಿಭೂತಿ ಕೊಡಲು ಹೋದಾಗಲೂ ಅದನ್ನೇ ಹೇಳಿದೆ. ಅಯ್ಯನವರು ಹೇಳಿದ ಮಾತೆಂದು ಕೆಲವರು ನಂಬಿದರು. ಆ ವಿಷಯ ಬರೆಯಲು ಈಗ ನಾಚಿಕೆಯಾಗುತ್ತದೆ.

ಫಕೀರಪ್ಪನನ್ನೂ ಬಿಡಲಿಲ್ಲ. ಘಟ್ಟದ ಕಚೇರಿಯಲ್ಲಿ ಅವನ ಮುಂದೆ ಎರಡು ಬುಟ್ಟಿಗಳಿರುತ್ತವೆ: ಗವಿಗೆ ಹೋಗುವವರಿಗೆ ತಾಮ್ರದ ಬಿಲ್ಲೆ, ಪಟ್ಟಣಕ್ಕೆ ಹಿತ್ತಾಳೆಯ ಬಿಲ್ಲೆ. ಇಳಿದು ಬಂದಾಗ ಬಿಲ್ಲೆಗಳನ್ನು ಮತ್ತೆ ಬುಟ್ಟಿಗೆ ಹಾಕಿಸಿಕೊಳ್ಳುತ್ತಾನೆ.

"ನನ್ನ ಹೆಂಡತಿ ಯಾವ ಬಿಲ್ಲೆ ಒಯ್ದಳು?"

"ಯಾರ್ಯಾರು ಏನು ಒಯ್ದರು ಅಂತ ನಾ ಬರದಿಡೂದಿಲ್ರಿ. ಬರದಿಟ್ಟರ ದಿನಾ ನಿಮ್ಮಂಥವರು ಬಂದು ಜೀವ ತಿಂತಾರ."

"ನೆನಪಿರಬೇಕಲ್ಲ?"

"ನೆನಪಿಡಬಾರದು ಅಂತ್ಲೇ ನನ್ನ ಈ ಕುರ್ಚಿ ಮ್ಯಾಲ ಕೂಡಿಸ್ಯಾರ್ರಿ."

ಅವನು ಮಾತು ಮುಗಿಸಿ ಕಿಟಕಿಯ ಹೊರಗೆ ನೋಡಿದ. ಅದೂ ನನಗೆ ಗುರುತಾಗಿ ಕಂಡಿತು. ಇವನಿಗೂ ಕಾಶವ್ವ ಊಟ ಹಾಕುತ್ತಾಳೆ ಎಂದುಕೊಂಡೆ.

ಮಾಘ ಬಂತು. ಬಿಲ್ಲೆ ಕೊಡುವ ದಿನ ಕಚೇರಿಯ ಮುಂದೆ ಜನವೋ ಜನ. ನನ್ನ ಮುಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ನಿಂತು ಜಗಳವಾಡುತ್ತಿತ್ತು. "ನಿಮ್ಮವ್ವನೂ ಗವಿಗೇ ಹೋಗು ಅಂತಾಳ, ನಿಮ್ಮ ಅತ್ತಿಗಿನೂ ಗವಿಗೇ ಹೋಗು ಅಂತಾಳ. ಮತ್ತ ನೀವೂ ಗವಿ ಅಂದ್ರ? ನಿಮ್ಮ ಮನ್ಯಾಗ ಹೆಣ್ಮಕ್ಕಳಿಗೆ ಬಿಸಲು ಕಾಣೂದು ಬ್ಯಾಡೇನು?" ಎಂದಳು ಹುಡುಗಿ. "ಹಂಗಲ್ಲೇ, ಸಣ್ಣಂದಿನಿಂದ ನನಗ ಪಟ್ಟಣದ್ದ ಆಶಾ. ನಾ ಅದನ್ನ ನೋಡ್ಕೊಂಡು ಬರ್ತೀನಿ," ಎಂದು ಗಂಡ ಗೋಗರೆದ. ಕೊನೆಗೆ ಹಿತ್ತಾಳೆಯ ಬಿಲ್ಲೆಯನ್ನು ಅವಳೇ ತೆಗೆದುಕೊಂಡಳು. ಹಿಂದೆ ನಿಂತವರು ನಕ್ಕರು. ನಾನು ಕೈ ಚಾಚಿ, "ಹಿತ್ತಾಳಿ," ಎಂದೆ. ಫಕೀರಪ್ಪ ನನ್ನನ್ನು ಒಂದು ಕ್ಷಣ ನೋಡಿದ. ತಾಮ್ರದ ಬುಟ್ಟಿಯ ಕಡೆಗೆ ಅವನ ಕಣ್ಣು ಹೋಗಿ ಮರಳಿತು. ಹಿತ್ತಾಳೆಯ ಬಿಲ್ಲೆ ಕೊಟ್ಟ.

ಹೊರಡುವ ದಿನ ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ, ಪತ್ರಿ, ವಿಭೂತಿ ಮತ್ತು ಆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಘಟ್ಟಕ್ಕೆ ಹೋದೆ. ಸೀರೆಯನ್ನು ಸಮಾಧಿಯ ಮೇಲೆ ಹೊದಿಸಬೇಕೆಂದಿದ್ದೆ. ಪಟ್ಟಣದ ದೋಣಿಯಲ್ಲಿ ಹನ್ನೊಂದು ಜನ ಆಗಲೇ ಕುಳಿತಿದ್ದರು. ಗವಿಯ ದೋಣಿಯಲ್ಲೂ ಒಂದು ಜಾಗ ಉಳಿದಿತ್ತು. ಬರಬೇಕಾದವರು ಜ್ವರ ಬಂದು ನಿಂತರೆಂದು ಯಾರೋ ಹೇಳಿದರು. ನಾನು ಪಟ್ಟಣದ ದೋಣಿಯೊಳಗೆ ಒಂದು ಕಾಲಿಟ್ಟಿದ್ದೆ.

"ಅಯ್ನಾರ, ಕಾಲು ಹೊರಗ ತಗೀರಿ!"

ಕಾಶವ್ವ ಮೆಟ್ಟಿಲಿಳಿದು ಓಡಿಬರುತ್ತಿದ್ದಳು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು.

"ಹೋಗಿಬಂದಾಕಿ ನೀ ಇವತ್ತ ಘಟ್ಟಕ್ಕ ಬರಬಾರದು," ಎಂದ ಫಕೀರಪ್ಪ.

"ಗೊತ್ತೈತಿ. ನೀ ಹಗ್ಗ ಹಿಡಕೊಂಡು ಸುಮ್ಮನ ನಿಂದ್ರು." ಅವಳು ನನ್ನ ಮುಂದೆ ಬಂದು ನಿಂತಳು. "ಗವಿ ಅಂತ ಹೇಳಿ ಹೋದಾಕಿ ಮಾತು ನಂಬಿ ಗವಿಗೇ ಹೋಗ್ತೀರಿ ಅಂತ ಬಾಯಿ ಮುಚ್ಚಿಕೊಂಡು ಕುಂತಿದ್ದೆ. ನೀವು ಹಿತ್ತಾಳಿ ಬಿಲ್ಲೆ ಒಯ್ದೀರಿ ಅಂತ ಈಗ ಕೇಳಿದೆ. ನಿಮ್ಮಾಕಿ ಪಟ್ಟಣದಾಗ ಇಲ್ರಿ. ಗವಿಯಾಗ ಅದಾಳ. ದಡದಿಂದ ಎಡಕ್ಕ ಹತ್ತಿದರ ಎರಡನೇ ಗವಿ ಮುಂದ, ಅತ್ತಿ ಗಿಡದ ಬುಡಕ್ಕ."

ಎರಡು ದೋಣಿಯ ಜನರೂ ಅವಳ ಕಡೆಗೆ ತಿರುಗಿದರು. ಹೊರಗೆ ಹೇಳಬಾರದ್ದನ್ನು ಕಾಶವ್ವ ಇಷ್ಟು ಜನರ ಎದುರಿಗೆ ಹೇಳಿಬಿಟ್ಟಿದ್ದಳು. ನನಗೆ ಆಗಲೂ ಅವಳ ಮೇಲೆ ವಿಶ್ವಾಸ ಬರಲಿಲ್ಲ.

"ಸುಳ್ಳು. ನೀ ಪಟ್ಟಣಕ್ಕ ಹೋಗಾಕಿ. ಹಂಗಾರ ಆಕಿ ಚೀಲ ನಿನ್ನ ಕೈಯಾಗ ಹೆಂಗ ಬಂತು?"

"ಬಿಲ್ಲೆ ಬದಲ ಮಾಡಿಸ್ಕೊಂಡೆ. ಇಲ್ಲೇ ನಿಂತು. ಆಕಿ ಗವಿ ದೋಣಿ ಮುಂದ ನಿಂತು ಏದುಸಿರು ಬಿಡ್ತಿದ್ಳು. ಕೈ ಮುಟ್ಟಿದರ ತಣ್ಣಗ. ಮನಿಗೆ ನಡಿ ಅಕ್ಕಾ ಅಂದೆ. 'ಇವತ್ತ ಹೋಗದಿದ್ರ ಮತ್ತ ನನ್ನ ಕಡಿಂದ ಆಗೂದಿಲ್ಲ. ಅವರು ಗವಿ ಸುದ್ದಿ ಕೇಳಬೇಕು ಅಂತ ಕಾಯ್ಕೊಂಡು ಕುಂತಾರ' ಅಂದ್ಳು. ಒಬ್ಬಾಕಿನ್ನ ಹೆಂಗ ಬಿಡ್ಲಿ?"

ಫಕೀರಪ್ಪ ನೀರಿನ ಕಡೆ ನೋಡುತ್ತ, "ಹೌದ್ರಿ ಅಯ್ನಾರ. ಹಿತ್ತಾಳಿ ತಗೊಂಡು ತಾಮ್ರ ಕೊಟ್ಟೀನಿ. ನಾ ಹೇಳಿಲ್ಲ, ನೀವು ಕೇಳಿಲ್ಲ," ಎಂದ.

ನಾನು ಚೀಲದಿಂದ ಸೀರೆಯನ್ನು ಎಳೆದು ಅವಳ ಮುಂದೆ ಹಿಡಿದೆ. "ಹಂಗಾರ ಇದೇನು? ಗವಿಯಾಗ ಬಿಳಿ ಮಣ್ಣು ಎಲ್ಲಿಂದ ಬಂತು?"

ಕಾಶವ್ವ ಕಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿದ್ದ ಸಿಟ್ಟು ಇಳಿದುಹೋಯಿತು.

"ಇದು ಮಣ್ಣೇನ್ರಿ? ನಿಮ್ಮ ಕೈಯಾನ ಈಬತ್ತಿ ಇದು. ಸೆರಗಿನಾಗ ಗಂಟು ಹಾಕ್ಕೊಂಡಿದ್ಳು. ಇಳಿದ ಕೂಡ್ಲೇ ಹೊಳ್ಯಾಗ ಮುಳುಗಿ ಸ್ನಾನಾ ಮಾಡಿದ್ಳು, ಗಂಟು ತೊಯ್ದು ಎಲ್ಲಾ ಸೀರಿಗೆ ಇಳೀತು. ಉಳಿದಷ್ಟನ್ನ ಕಡೀಕ ಆಕಿ ಹಣಿಗೆ ನಾನ ಹಚ್ಚಿದೆ. ನೀವು ಮುಟ್ಟಿ ನೋಡಿಲ್ಲೇನು?"

ಮುಟ್ಟಿದೆ. ಹೆಬ್ಬೆರಳಿಂದ ಉಜ್ಜಿದ ಕೂಡಲೇ ಪುಡಿ ಎದ್ದು ಬೆರಳಿಗೆ ನುಣ್ಣಗೆ ಹತ್ತಿತು. ಬೂದಿ ಕಲಸುವ ಕೊನೆಯ ನೀರಿಗೆ ನಾನು ಹಾಕುವ ಪತ್ರಿಯ ವಾಸನೆ ಇನ್ನೂ ಇತ್ತು. ಐವತ್ತು ವರ್ಷ ಇದೇ ಬೂದಿಯನ್ನು ಸೋಸಿದ ಕೈ ನನ್ನದು. ಕತ್ತಲಲ್ಲಿ ಕೊಟ್ಟರೂ ಯಾರ ಮನೆಯ ವಿಭೂತಿ ಎಂದು ಹೇಳಬಲ್ಲೆ. ಮೂರು ತಿಂಗಳು ಆ ಸೀರೆ ನನ್ನ ಪೆಟ್ಟಿಗೆಯಲ್ಲಿತ್ತು. ಸಾಕ್ಷಿ ಕೆಡುತ್ತದೆಂದು ಮುಟ್ಟಲಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ. ಅದು ಪಟ್ಟಣದ ಮಣ್ಣಾಗಿರಬೇಕಿತ್ತು ನನಗೆ. ಆಕೆ ಅಲ್ಲಿದ್ದರೆ ನನ್ನ ಲಿಂಗದರ್ಶನವೂ ಆಗುತ್ತದೆ, ಸಮಾಧಿಯ ದರ್ಶನವೂ ಆಗುತ್ತದೆ, ನಾನು ಏನನ್ನೂ ಬಿಡಬೇಕಾಗಿಲ್ಲ. ಊರಿನವರೆಲ್ಲರ ಮೇಲೆ ಸಂಶಯ ಪಟ್ಟವನು ಸಂಶಯ ಪಡಬೇಕಾದ ಒಬ್ಬನನ್ನು ಬಿಟ್ಟಿದ್ದೆ.

ಕಾಲು ಹೊರಗೆ ತೆಗೆದೆ. ಫಕೀರಪ್ಪ ಕೇಳದೆಯೇ ನನ್ನ ಕೈಯಿಂದ ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡು ತಾಮ್ರದ್ದು ಕೊಟ್ಟ. ಪಟ್ಟಣದ ದೋಣಿ ಮೊದಲು ಹೊರಟಿತು. ಅದು ಬಲಕ್ಕೆ ತಿರುಗಿ ಮರೆಯಾಗುವವರೆಗೆ ನೋಡಿದೆ. ನೋಡಲಿಲ್ಲವೆಂದರೆ ಸುಳ್ಳಾಗುತ್ತದೆ. ನಂತರ ಗವಿಯ ದೋಣಿಯಲ್ಲಿ ಕುಳಿತೆ. ಕಾಶವ್ವನಿಗೆ ಏನಾದರೂ ಹೇಳೋಣವೆಂದು ತಿರುಗಿದಾಗ ಅವಳು ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸರು ಅವಳ ಸೀರೆ ತಾಗದಂತೆ ಪಕ್ಕಕ್ಕೆ ಸರಿದರು.

ಗವಿಯಲ್ಲಿ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತಿಯ ಗಿಡ ಅವಳು ಹೇಳಿದಲ್ಲಿಯೇ ಇತ್ತು. ಕಲ್ಲುಗಳನ್ನು ಒಪ್ಪವಾಗಿ ಜೋಡಿಸಿದ್ದರು. ಹನ್ನೊಂದು ಜನ ಅಪರಿಚಿತರಂತಿದ್ದವರು ತಮ್ಮ ಜೀವಮಾನದ ಒಂದೇ ದಿನದಲ್ಲಿ ಉಳಿದ ಹೊತ್ತನ್ನು ಬಿಟ್ಟು, ಮಣ್ಣು ತೋಡಿ, ಕಲ್ಲು ಹೊತ್ತು ಈ ಕೆಲಸ ಮಾಡಿದ್ದರು. ಸೀರೆ ಹೊದಿಸಿದೆ. ಪತ್ರಿ ಏರಿಸಿದೆ. ನನ್ನ ಜೊತೆಯವರು ಗವಿಗಳನ್ನು ನೋಡಲು ಹೋದರು. ನಾನು ಸಂಜೆಯವರೆಗೆ ಅಲ್ಲಿ ಕುಳಿತೆ. ಆಕೆಗೆ ಉಸಿರಾಟದ ತೊಂದರೆಯಿದೆಯೆಂದು ಅದೇ ಮನೆಯಲ್ಲಿ ಮಲಗಿ ಏಳುವ ನನಗೆ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವವಳು ಒಂದು ಸಲ ಕೈ ಮುಟ್ಟಿ ತಿಳಿದುಕೊಂಡಳು.

ಮರಳಿ ಬಂದ ಮರುದಿನ ಮಧ್ಯಾಹ್ನ ಖಾನಾವಳಿಗೆ ಹೋದೆ. ಪಂಕ್ತಿಯ ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದಳು. ಒಲೆಯ ಮೇಲೆ ಒಂದೇ ಪಾತ್ರೆ. ನಾನೇ ಒಂದು ಹಲಗೆ ಹಾಕಿಕೊಂಡು ಕುಳಿತೆ.

"ಎದ್ದು ಹೋಗ್ರಿ ಅಯ್ನಾರ. ನನ್ನ ನೀರು ಮುಟ್ಟಿದರ ನಾಳಿಂದ ನಿಮ್ಮ ಈಬತ್ತಿನೂ ಯಾರೂ ಮುಟ್ಟೂದಿಲ್ಲ."

"ಮುಟ್ಟದಿದ್ರ ಬಿಡಲಿ. ಹಸಿವಾಗೇತಿ."

"ಇಷ್ಟು ದಿನ ಕೊಲಿಗೇಡಿ ಇದ್ದೆ. ಇವತ್ತ ನನ್ನ ಅಡಿಗಿ ರುಚಿ ಆತೇನು?"

"ನಾ ತಪ್ಪು ಮಾಡೀನಿ ಕಾಶವ್ವಾ. ಎಲ್ಲರ ಮುಂದ ಅಂದಿದ್ದೆ, ಎಲ್ಲರ ಮುಂದ ತಪ್ಪಾತು ಅಂತ ಹೇಳ್ತೀನಿ. ಮನಿ ಮನಿಗೆ ಹೋಗಿ ಹೇಳ್ತೀನಿ."

ಅವಳು ರೊಟ್ಟಿ ತಟ್ಟಿದಳು. ನೀರಿಟ್ಟಳು. ಊರಿನ ಜನ ಬಾಗಿಲ ಮುಂದೆ ಹಾದುಹೋಗುವಾಗ ನಿಂತು ನೋಡಿ ಮುಂದೆ ಹೋದರು.

"ನನ್ನ ಅಪ್ಪ ಪಟ್ಟಣ ಕಂಡಿದ್ದ," ಎಂದೆ. "ಅರಮನಿ ಸುದ್ದಿ ಪೂರಾ ಹೇಳ್ಯಾನ. ನೀ ಬಿಟ್ಟುಕೊಟ್ಟದ್ದನ್ನ ನೋಡೂದು ಆಗಲಿಲ್ಲ, ಕೇಳರೆ ಕೇಳು. ಇನ್ನು ನನಗೂ ಮುಚ್ಚಿಡೂದು ಏನಿಲ್ಲ."

"ಬ್ಯಾಡ್ರಿ." ಅವಳು ಪಲ್ಯ ಬಡಿಸಿದಳು. "ಕೇಳಿ ಏನ್ಮಾಡ್ಲಿ? ನಾಲ್ಕು ದಿನ ದೋಣ್ಯಾಗ ಆಕಿ ತಲಿ ನನ್ನ ತೊಡಿ ಮ್ಯಾಲ ಇತ್ತು. ಸಣ್ಣಾಕಿ ಇದ್ದಾಗಿನ ಹಾಡೆಲ್ಲಾ ಹೇಳಿದ್ಳು. ನನ್ನ ರಜಾ ಛಲೋ ಆತು. ರೊಟ್ಟಿ ಆರತಾವ, ಉಣ್ರಿ."

ಆಕೆ ಹಾಡುತ್ತಿದ್ದಳೆಂಬುದೂ ನನಗೆ ಹೊಸದಾಗಿತ್ತು. ಏನು ಹಾಡೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅದು ಕಾಶವ್ವ ತಂದುಕೊಂಡದ್ದು. ಈಗ ದಿನವೂ ಅಲ್ಲಿಯೇ ಉಣ್ಣುತ್ತೇನೆ. ವಿಭೂತಿ ಕೊಳ್ಳುವವರು ಕಡಿಮೆಯಾಗಿದ್ದಾರೆ. ಹೋದ ವಾರ ಫಕೀರಪ್ಪ ಬಂದು, ಯಾರೂ ಕರೆಯದಿದ್ದರೂ, ನನ್ನ ಪಕ್ಕದಲ್ಲಿ ಹಲಗೆ ಹಾಕಿಕೊಂಡು ಕುಳಿತ.

ಮೊದಲ ತುತ್ತಿಗೆ ಮುಂಚೆ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚುವುದು ನನ್ನ ನೇಮ. ಮೊದಲೆಲ್ಲ ಪಟ್ಟಣದ ದರ್ಶನ ಕೊಡೆಂದು ಬೇಡುತ್ತಿದ್ದೆ. ಈಗ ಬೇಡುವುದು ಇಷ್ಟು: ಶಿವನೇ, ಗುರುಸಿದ್ದವ್ವನನ್ನು ನಿನ್ನೊಳಗೆ ಇಟ್ಟುಕೋ. ಉಸಿರು ಸಿಕ್ಕದೆ ಹೋದ ಜೀವ ಅದು, ಅದಕ್ಕೆ ದಣಿವಿಲ್ಲದಂತೆ ಮಾಡು. ನನಗೆ ಹೇಳಬೇಕೆಂದು ಇಟ್ಟುಕೊಂಡ ಗವಿಯ ಮಾತು ಆಕೆಯ ಬಾಯಲ್ಲೇ ಉಳಿಯಿತು. ಆ ಭಾರವನ್ನು ಆಕೆಯಿಂದ ಇಳಿಸು. ಗಂಡ ಕಾಯುತ್ತಿದ್ದಾನೆಂಬ ಚಿಂತೆ ಇನ್ನು ಆಕೆಗೆ ಬೇಡ. ಆಕೆಯ ಆತ್ಮಕ್ಕೆ ಶಾಂತಿ ಕೊಡು, ತಂದೆ.